ಮೂಲೆಗಲ್ಲನ್ನು ಮರೆಮಾಡಿದ ಸ್ಟೀಫನ್ಸ್

ಅಮೆರಿಕದ ಅಂತರ್ಯುದ್ಧ ಮುಗಿದು ನೂರಾ ಅರವತ್ತು ವರ್ಷಗಳೇ ಕಳೆದಿವೆ. ಅದರ ಕಾರಣ ಕುರಿತ ವಾದ ಮಾತ್ರ ಮುಗಿದಿಲ್ಲ. ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ತೊರೆದದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲೋ ಅಥವಾ ರಾಜ್ಯಗಳ ಹಕ್ಕುಗಳನ್ನು ಕಾಪಾಡಿಕೊಳ್ಳಲೋ? ಈ ಎರಡೂ ಉತ್ತರಗಳನ್ನು ಏಳೇ ವರ್ಷಗಳ ಅಂತರದಲ್ಲಿ ಕೊಟ್ಟ ವ್ಯಕ್ತಿಯೊಬ್ಬನಿದ್ದಾನೆ. ಆತ ದಕ್ಷಿಣದ ಪ್ರತ್ಯೇಕ ಸರ್ಕಾರದ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀಫನ್ಸ್.

ಸ್ಟೀಫನ್ಸ್ ಹುಟ್ಟಿದ್ದು 1812ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ಹುಟ್ಟಿದ ಕೆಲವೇ ತಿಂಗಳಲ್ಲಿ ತಾಯಿಯನ್ನೂ ಹದಿನಾಲ್ಕರ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ. ಅನ್ಯರ ನೆರವಿನಿಂದ ಓದಿ ವಕೀಲನಾದ. ನೂರು ಪೌಂಡು ಕೂಡ ತೂಗದ ಕೃಶಕಾಯ, ಜೀವನವಿಡೀ ಕಾಡಿದ ಕಾಯಿಲೆ. ಆದರೂ 1843ರಲ್ಲಿ ಸಂಸತ್ತನ್ನು ಪ್ರವೇಶಿಸಿದ ಆತನ ಮಾತಿಗೆ ಸದನವೇ ಕಿವಿಗೊಡುತ್ತಿತ್ತು. ಮೆಕ್ಸಿಕೊ ಯುದ್ಧವನ್ನು ವಿರೋಧಿಸಿ 1848ರಲ್ಲಿ ಆತ ಮಾಡಿದ ಭಾಷಣಕ್ಕೆ ಇಲಿನಾಯ್‌ನ ಹೊಸ ಸದಸ್ಯನೊಬ್ಬ ಕಣ್ಣೀರು ತಂದುಕೊಂಡ. ಆ ಸದಸ್ಯನ ಹೆಸರು ಅಬ್ರಹಾಂ ಲಿಂಕನ್. ಇಬ್ಬರೂ ವಿಗ್ ಪಕ್ಷದವರು, ಸ್ನೇಹಿತರು.

ಲಿಂಕನ್ 1860ರಲ್ಲಿ ಅಧ್ಯಕ್ಷನಾಗಿ ಆಯ್ಕೆಯಾದಾಗ ದಕ್ಷಿಣ ಕೆರಳಿತು. ಅಂಥ ಹೊತ್ತಿನಲ್ಲಿ ಒಕ್ಕೂಟವನ್ನು ಮುರಿಯಬೇಡಿ ಎಂದು ಜಾರ್ಜಿಯಾದ ಶಾಸಕರಿಗೆ ತಿಳಿಹೇಳಿದವನು ಸ್ಟೀಫನ್ಸ್. ಆ ಡಿಸೆಂಬರ್‌ನಲ್ಲಿ ಗೆಳೆಯರಿಬ್ಬರ ನಡುವೆ ಪತ್ರಗಳೂ ಓಡಾಡಿದವು. ನಿಮ್ಮಲ್ಲಿರುವ ಗುಲಾಮಗಿರಿಗೆ ಕೈಹಾಕುವುದಿಲ್ಲ ಎಂದು ಲಿಂಕನ್ ಭರವಸೆ ಕೊಟ್ಟ. ಆ ಪದ್ಧತಿ ಸರಿಯೆಂದು ನೀವು, ತಪ್ಪೆಂದು ನಾವು ನಂಬಿರುವುದೇ ನಮ್ಮ ನಡುವಿನ ನಿಜವಾದ ಭೇದ ಎಂದೂ ಬರೆದ. 1861ರ ಜನವರಿಯಲ್ಲಿ ಜಾರ್ಜಿಯಾದ ಸಮಾವೇಶ 208–89 ಮತಗಳಿಂದ ಪ್ರತ್ಯೇಕತೆಯನ್ನು ಅಂಗೀಕರಿಸಿತು. ಸ್ಟೀಫನ್ಸ್ ವಿರುದ್ಧ ಮತ ಹಾಕಿದ. ಆದರೆ ಮುಂದಿನ ತಿಂಗಳೇ ಹೊಸ ಸರ್ಕಾರದ ಉಪಾಧ್ಯಕ್ಷ ಪದವಿಯನ್ನು ಒಪ್ಪಿಕೊಂಡ.

ಈ ಬದಲಾವಣೆಗೆ ನಿಷ್ಠೆ ತನ್ನ ರಾಜ್ಯಕ್ಕೆ ಎಂಬ ಭಾವನೆ ಒಂದು ಕಾರಣ. ಆದರೆ ಅದರ ಬುಡದಲ್ಲಿದ್ದುದೇನೆಂಬುದನ್ನು ಆತ ಸ್ವತಃ 1861ರ ಮಾರ್ಚ್ 21ರಂದು ಸವಾನ್ನಾ ನಗರದಲ್ಲಿ ಬಿಚ್ಚಿಟ್ಟ. ಮನುಷ್ಯರೆಲ್ಲರೂ ಸಮಾನರೆಂಬ ಹಿಂದಿನ ತಲೆಮಾರಿನ ನಂಬಿಕೆಯೇ ತಪ್ಪು, ಕರಿಯರು ಬಿಳಿಯರಿಗೆ ಸಮಾನರಲ್ಲ, ಅವರ ದಾಸ್ಯವೇ ಸಹಜ, ಈ ತತ್ವವೇ ಹೊಸ ರಾಷ್ಟ್ರದ ಮೂಲೆಗಲ್ಲು ಎಂದು ಸಾರಿದ. ಗುಲಾಮಗಿರಿಯ ಪ್ರಶ್ನೆಯೇ ಒಡಕಿನ ತಕ್ಷಣದ ಕಾರಣವೆಂದೂ ಒಪ್ಪಿಕೊಂಡ. ಆಗ ದೇಶದಲ್ಲಿದ್ದ ಗುಲಾಮರ ಸಂಖ್ಯೆ 39 ಲಕ್ಷಕ್ಕೂ ಹೆಚ್ಚು. ಸ್ವಯಂ ಸ್ಟೀಫನ್ಸ್ ಮೂವತ್ತಕ್ಕೂ ಹೆಚ್ಚು ಗುಲಾಮರ ಒಡೆಯ. ಆತನ ಮನೆಯ ಹೆಸರು ಲಿಬರ್ಟಿ ಹಾಲ್, ಅಂದರೆ ಸ್ವಾತಂತ್ರ್ಯ ಭವನ!

ಹಾಗೆಂದು ರಾಜ್ಯಗಳ ಹಕ್ಕಿನ ಬಗ್ಗೆ ಆತನಿಗಿದ್ದ ನಿಷ್ಠೆ ಬರೀ ಸೋಗು ಎನ್ನುವಂತಿಲ್ಲ. ಯುದ್ಧಕಾಲದಲ್ಲಿ ಕಡ್ಡಾಯ ಸೇನಾ ಭರ್ತಿಯನ್ನೂ ಹೇಬಿಯಸ್ ಕಾರ್ಪಸ್ ಅಮಾನತನ್ನೂ ವಿರೋಧಿಸಿ ತನ್ನದೇ ಅಧ್ಯಕ್ಷ ಜೆಫರ್ಸನ್ ಡೇವಿಸ್ ಜೊತೆ ಆತ ಜಗಳವಾಡಿದ. ಆದರೆ ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳು ಸಹಕರಿಸದಿದ್ದಾಗ, ಅದನ್ನೇ ದೊಡ್ಡ ಅಪರಾಧವೆಂದು ದೂರಿದ್ದು ಇದೇ ದಕ್ಷಿಣ. ಅಲ್ಲಿ ಅದಕ್ಕೆ ರಾಜ್ಯಗಳ ಹಕ್ಕು ನೆನಪಾಗಲಿಲ್ಲ.

1865ರ ಫೆಬ್ರುವರಿಯಲ್ಲಿ ಹಳೆಯ ಗೆಳೆಯರು ಹ್ಯಾಂಪ್ಟನ್ ರೋಡ್ಸ್‌ನಲ್ಲಿ, ಹಡಗೊಂದರ ಮೇಲೆ ಮತ್ತೆ ಭೇಟಿಯಾದರು. ಸಂಧಾನ ವಿಫಲವಾಯಿತು. ಆದರೆ ಸ್ಟೀಫನ್ಸ್‌ನ ಕೋರಿಕೆಯಂತೆ, ಉತ್ತರದ ಸೆರೆಯಲ್ಲಿದ್ದ ಆತನ ಸೋದರನ ಮಗನನ್ನು ಲಿಂಕನ್ ಬಿಡುಗಡೆ ಮಾಡಿಸಿದ. ಎರಡೇ ತಿಂಗಳಲ್ಲಿ ಲಿಂಕನ್ ಕೊಲೆಯಾಯಿತು. ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡ ಯುದ್ಧವೂ ಮುಗಿಯಿತು.

ಬಾಸ್ಟನ್ ಬಂದರಿನ ಕೋಟೆಯಲ್ಲಿ ಐದು ತಿಂಗಳು ಸೆರೆಯಲ್ಲಿದ್ದ ಸ್ಟೀಫನ್ಸ್, ಸವಾನ್ನಾದ ತನ್ನ ಭಾಷಣವನ್ನು ವರದಿಗಾರ ಸರಿಯಾಗಿ ಬರೆದುಕೊಂಡಿರಲಿಲ್ಲವೆಂದು ದಿನಚರಿಯಲ್ಲಿ ಸಮಜಾಯಿಷಿ ಕೊಟ್ಟುಕೊಂಡ. 1868 ಮತ್ತು 1870ರಲ್ಲಿ ಹೊರಬಂದ ಎರಡು ಸಂಪುಟಗಳ ಗ್ರಂಥದಲ್ಲಿ, ಇದು ಸಂವಿಧಾನದ ವ್ಯಾಖ್ಯಾನ ಕುರಿತ ಸಂಘರ್ಷ, ಗುಲಾಮಗಿರಿ ಕೇವಲ ನೆಪ ಎಂದು ವಾದಿಸಿದ. ಸೋತ ದಕ್ಷಿಣಕ್ಕೆ ಬೇಕಾಗಿದ್ದುದೂ ಇದೇ. ಆತ ಮತ್ತೆ ಸಂಸತ್ತಿಗೆ ಆಯ್ಕೆಯಾದ, ಜಾರ್ಜಿಯಾದ ಗವರ್ನರ್ ಆಗಿ 1883ರಲ್ಲಿ ಕಣ್ಣು ಮುಚ್ಚಿದ. 1927ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಆತನ ಪ್ರತಿಮೆಯೂ ಸ್ಥಾಪನೆಯಾಯಿತು.

ಸ್ಟೀಫನ್ಸ್‌ನ ಬದುಕು ಚರಿತ್ರೆಯ ಓದುಗರಿಗೆ ಒಂದು ಎಚ್ಚರಿಕೆ. ಗೆಲ್ಲುವ ಭರವಸೆಯಿದ್ದಾಗ ಆಡಿದ ಮಾತಿಗೂ ಸೋತ ಮೇಲೆ ಬರೆದ ಸಮರ್ಥನೆಗೂ ವ್ಯತ್ಯಾಸ ಕಂಡಾಗ, ಮೊದಲ ಮಾತನ್ನೇ ನಂಬುವುದು ಲೇಸು. ಹಕ್ಕು ಎಂಬುದು ಉದಾತ್ತವಾದ ಪದ. ಆದರೆ ಯಾರ ಹಕ್ಕು, ಏನು ಮಾಡುವ ಹಕ್ಕು ಎಂದು ಕೇಳದೆ ಅದಕ್ಕೆ ತಲೆಬಾಗುವುದು ಸಲ್ಲದು.