ಗಂಡಿಪೇಟೆಯ ನೀರು, ಖಡಕವಾಸ್ಲಾದ ಬಾಗಿಲು

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಸಂಘಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಕನ್ನಂಬಾಡಿ ಕಟ್ಟೆಯ ಮಾತು ಬರುತ್ತದೆ. ಆದರೆ ಮೈಸೂರಿಗೆ ಬರುವ ಮುನ್ನ ಅವರೂ ನಮ್ಮಂತೆ ಹೊರನಾಡ ಕನ್ನಡಿಗರೇ, ಅದೂ ಕಾಲು ಶತಮಾನಕ್ಕೂ ಹೆಚ್ಚು ಕಾಲ. ಆ ವರ್ಷಗಳ ಅವರ ಕೆಲಸದಲ್ಲಿ ಬಹುಪಾಲು ನೀರಿನದೇ.

ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ಅದೇ ಪ್ರಾಂತ್ಯದಲ್ಲಿದ್ದ ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರು ಒದಗಿಸುವ ಕೆಲಸ ಬಂತು. ಎದುರಿಗೇ ಸಿಂಧೂ ನದಿ, ಆದರೆ ನೀರೆಲ್ಲ ರಾಡಿ. ಶುದ್ಧೀಕರಣಕ್ಕೆ ಪುರಸಭೆಯಲ್ಲಿ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನಲ್ಲಿ ಸೋಸಿ ಬಂದ ನೀರನ್ನು ಊರಿಗೆ ಹರಿಸಿದರು. ಸೋಸುವ ಕೆಲಸವನ್ನು ಹೊಳೆಯೇ ಮಾಡಿತು.

ಪುಣೆಯ ಖಡಕವಾಸ್ಲಾದಲ್ಲಿ ತೊಂದರೆ ಬೇರೆಯೇ. ಮಳೆಗಾಲದಲ್ಲಿ ಕೋಡಿಯ ಮೇಲಿಂದ ನೀರು ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲದೆ ಬರುತ್ತಿತ್ತು. ಕಟ್ಟೆಯನ್ನು ಎತ್ತರಿಸುವ ಬದಲು ಅವರು ಕೋಡಿಗೆ ತಾವೇ ರೂಪಿಸಿದ ಬಾಗಿಲುಗಳನ್ನು ಕೂಡಿಸಿದರು. ಸುಮಾರು ಎಂಟು ಅಡಿ ನೀರು ಹೆಚ್ಚಿಗೆ ನಿಂತಿತು. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿ ಪ್ರವಾಹ ಬಂದಾಗ ಕಾವಲುಗಾರ ಎಚ್ಚರವಾಗಿದ್ದಾನೋ ಇಲ್ಲವೋ ಎಂಬ ಭಯವಿಲ್ಲ. 1903ರ ಮಾತಿದು.

ಏಡನ್‌ಗೂ ಹೋಗಿ ಆ ಒಣ ಊರಿನ ನೀರು, ಒಳಚರಂಡಿಗೆ ಯೋಜನೆ ಬರೆದುಕೊಟ್ಟರು. ನಂತರ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದಾಗ ನಿಜಾಮರ ಸರ್ಕಾರದ ಕರೆ ಬಂತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ಕೇರಿ ಕೇರಿಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹುಣಸೆಮರ ಹತ್ತಿ ನೂರೈವತ್ತು ಜನ ಉಳಿದರಂತೆ. ಆ ಮರವನ್ನು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ತೋರಿಸುತ್ತಾರೆ. 1909ರಲ್ಲಿ ಬಂದ ವಿಶ್ವೇಶ್ವರಯ್ಯನವರು ನಗರದ ದಡಗಳನ್ನಷ್ಟೇ ನೋಡಲಿಲ್ಲ. ಮಳೆ ಬಿದ್ದ ಜಾಗದಿಂದ ಲೆಕ್ಕ ಶುರುಮಾಡಿದರು. ಮೇಲಿನ ಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೊಂದು ಒಡೆದಿದ್ದವು. ಮೇಲಿನದು ಒಡೆದರೆ ಕೆಳಗಿನದೂ ತಡೆಯದು. ಆದ್ದರಿಂದ ಪ್ರವಾಹವನ್ನು ಊರಿಗೆ ಬರುವ ಮುಂಚೆಯೇ ಹಿಡಿಯಬೇಕೆಂದು ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಸೂಚಿಸಿದರು. ಅದೇ ವರ್ಷ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಹೊರಟರು. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಜನರನ್ನು ಕೊಂದ ನೀರೇ ಈಗ ಅವರ ಕೊಡ ತುಂಬಿಸತೊಡಗಿತು. ಪಂಪಿನ ಹಂಗಿಲ್ಲದೆ, ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ನೀರು. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದ್ ಬಿಡುವುದಿಲ್ಲ ಎಂಬ ಮಾತೇ ಹುಟ್ಟಿತು. ಆದರೆ ಇದರಲ್ಲೊಂದು ತೊಡಕಿದೆ. ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು, ಪ್ರವಾಹ ತಡೆಯಲು ಅದರಲ್ಲಿ ಜಾಗ ಖಾಲಿ ಇರಬೇಕು. ತುಂಬಿದ ಕೆರೆ ನೋಡಿ ಹಿಗ್ಗುವ ನಮಗೆ ಆ ಖಾಲಿ ಜಾಗ ಯಾರದೋ ಪ್ರಾಣ ಎಂದು ಹೊಳೆಯುವುದು ಕಷ್ಟ. ಸುತ್ತಲಿನ ಜಲಾನಯನವನ್ನು ಕಾಯಲು 1996ರಲ್ಲಿ ಸರ್ಕಾರಿ ಆದೇಶ ಬಂತು. 2022ರಲ್ಲಿ ಅದನ್ನು ಸಡಿಲಿಸಲಾಯಿತು. ಇಂದು ನಗರಕ್ಕೆ ಬಹುಪಾಲು ನೀರು ನೂರಾರು ಕಿಲೋಮೀಟರ್ ದೂರದ ಕೃಷ್ಣಾ, ಗೋದಾವರಿಗಳಿಂದ, ಪಂಪಿನ ಬಲದಲ್ಲಿ ಬರುತ್ತದೆ. 2020ರ ಅಕ್ಟೋಬರ್ ಮಳೆಯಲ್ಲಿ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು.

ಕನ್ನಂಬಾಡಿ, ದಿವಾನಗಿರಿ, ಭಾರತರತ್ನ ಎಲ್ಲರಿಗೂ ಗೊತ್ತಿರುವುದೇ. ಅವರ ಕೊನೆಗಾಲದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. 1961ರ ಜುಲೈ 12ರಂದು ಖಡಕವಾಸ್ಲಾದ ಮೇಲುಗಡೆ, ಕೆಲಸ ಇನ್ನೂ ಪೂರ್ತಿಯಾಗದ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸ್ಲಾದ ಗೋಡೆಯೂ ನಿಲ್ಲಲಿಲ್ಲ. ಪುಣೆ ಮುಳುಗಿತು, ನೀರು ಇಳಿದ ಮೇಲೆ ನಳಗಳು ಒಣಗಿದವು, ಜನ ಪೇಟೆಯ ಹಳೆಯ ಬಾವಿಗಳಿಗೆ ಹಗ್ಗ ಬಿಂದಿಗೆ ಹಿಡಿದು ಮರಳಿದರು. ನೂರರ ಆಸುಪಾಸಿನ ವಿಶ್ವೇಶ್ವರಯ್ಯನವರು ಆಗ ಬೆಂಗಳೂರಿನಲ್ಲಿದ್ದರು. ಮರುವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ಖಡಕವಾಸ್ಲಾವನ್ನು ಮತ್ತೆ ಕಟ್ಟಿದರು. ಪುಣೆಯ ಮನೆಗಳಿಗೆ ಇಂದಿಗೂ ಅಲ್ಲಿಂದ ನೀರು ಬರುತ್ತಿದೆ.