ಪ್ಲೇಗಿಗೆ ಎದುರಾಗಿ ನಿಂತ ಹಾಫ್‌ಕಿನ್

ಪರೇಲಿನ ಹಾಫ್‌ಕಿನ್ ಸಂಸ್ಥೆಯ ಮುಂದೆ ಮುಂಬಯಿ ಕನ್ನಡಿಗರಾದ ನಾವು ಎಷ್ಟೋ ಸಲ ಹಾದುಹೋಗಿದ್ದೇವೆ. ಅದಕ್ಕೆ ಹೆಸರಾದ ಮಹನೀಯರ ಚರಿತ್ರೆ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಪ್ಲೇಗಿಗೆ ಅಂಜಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಹಿರಿಯರ ಮನೆತನದವರು ನಾವು. ಪ್ಲೇಗಮ್ಮನ ಗುಡಿಗಳು ನಮ್ಮ ನಾಡಿನಲ್ಲಿ ಇಂದಿಗೂ ಉಂಟು. ಆದುದರಿಂದ ಈ ರಾಜ್ಯೋತ್ಸವ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೇ ಸರಿ.

ವಾಲ್ಡೆಮಾರ್ ಹಾಫ್‌ಕಿನ್ ಅವರು 1860ರಲ್ಲಿ ಒಡೆಸ್ಸಾ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಸಾವಿರಾರು ಜನರಿಗೆ ಅದನ್ನು ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಜನ ಗುಂಪುಗುಂಪಾಗಿ ನಗರ ಬಿಟ್ಟು ಓಡತೊಡಗಿದ್ದಾಗ ಹಾಫ್‌ಕಿನ್ ನಗರವನ್ನು ಪ್ರವೇಶಿಸಿದರು. ಜೆ. ಜೆ. ಆಸ್ಪತ್ರೆಗೆ ಸೇರಿದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಚಿಕ್ಕ ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಅವುಗಳಿಗೆ ಜೋತುಬಿದ್ದು ಎಳೆಎಳೆಯಾಗಿ ಬೆಳೆಯುವುದನ್ನು ಅವರು ಕಂಡರು. ಹಾಗೆ ಬೆಳೆಸಿದ ಅಣುಗಳನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಹೆಚ್ಚಿನ ಪ್ರಮಾಣದಲ್ಲಿ ಅದನ್ನು ತಾವೇ ತೆಗೆದುಕೊಂಡು ಜ್ವರದಲ್ಲಿ ನರಳಿದರು. ಅದೇ ತಿಂಗಳು ಬೈಕಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಳ್ಳಲು, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಚುಚ್ಚಿಸಿಕೊಳ್ಳದವರಿಗಿಂತ ಚುಚ್ಚಿಸಿಕೊಂಡವರಲ್ಲಿ ರೋಗ ಬಹಳ ಕಡಿಮೆಯಾಯಿತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನ ಈ ಲಸಿಕೆ ಪಡೆದರು. ಮರುವರ್ಷ ಪ್ರಯೋಗಾಲಯವು ಪರೇಲಿನ ಹಳೆಯ ಗವರ್ನರ ಬಂಗಲೆಗೆ ಬಂದಿತು.

ಇಷ್ಟಾದ ಮೇಲೆ ಬಂದೊದಗಿದ್ದು ಅಪವಾದ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದವರ ಪೈಕಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಒಂದೇ ಸೀಸೆಯಿಂದ ಲಸಿಕೆ ಹೋಗಿದ್ದಿತು. ಆ ಸೀಸೆ ತೆರೆಯುವಾಗ ಸಹಾಯಕನೊಬ್ಬನ ಕೈಯಿಂದ ಚಿಮಟ ನೆಲಕ್ಕೆ ಬಿದ್ದು, ಸರಿಯಾಗಿ ಶುದ್ಧಿಯಾಗದೆ ಮತ್ತೆ ಬಳಕೆಯಾಗಿತ್ತು. ಅದೇ ಸಮಯದಲ್ಲಿ ತೆರೆದ ಉಳಿದ ಸೀಸೆಗಳಿಂದ ಯಾರಿಗೂ ಕೇಡಾಗಲಿಲ್ಲ. ಆದರೂ ವಿಚಾರಣಾ ಸಮಿತಿಯು ದೋಷವನ್ನು ಪ್ರಯೋಗಾಲಯದ ಮೇಲೆ ಹೊರಿಸಿತು. ಸಾವಿರ ಸಾವಿರ ಜೀವಗಳನ್ನು ಕಾಪಾಡಿದವರು ಹುದ್ದೆ ಕಳೆದುಕೊಂಡು, ಕಳಂಕ ಹೊತ್ತು ಹಡಗು ಹತ್ತಬೇಕಾಯಿತು.

ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಅವರ ಪರವಾಗಿ ಬಹಿರಂಗವಾಗಿ ಬರೆದ ಮೇಲೆ, 1907ರಲ್ಲಿ ಸರ್ಕಾರ ಅವರನ್ನು ದೋಷಮುಕ್ತರೆಂದು ಒಪ್ಪಿತು. ಆದರೆ ಪರೇಲಿನ ಸ್ಥಾನ ಅವರಿಗೆ ಮರಳಿ ದೊರೆಯಲಿಲ್ಲ. ಹಾಫ್‌ಕಿನ್ ಮತ್ತೆ ಭಾರತಕ್ಕೇ ಬಂದು, ನಿವೃತ್ತರಾಗುವವರೆಗೆ ಕಲ್ಕತ್ತೆಯಲ್ಲಿ ದುಡಿದರು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ತೀರಿಕೊಂಡರು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಜೀವನದಲ್ಲಿ ಕಲಿಯುವುದುಂಟು. ತಮ್ಮದಲ್ಲದ ಊರಿನ ಕಷ್ಟವನ್ನು ಅವರು ತಮ್ಮದೆಂದುಕೊಂಡರು. ಮದ್ದನ್ನು ಪರರ ಮೈಗೆ ಚುಚ್ಚುವ ಮೊದಲು ತಮ್ಮ ಮೈ ಒಡ್ಡಿದರು. ಪರೇಲಿನ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಆ ಕಟ್ಟಡವನ್ನು ತೋರಿಸಿ ಇಷ್ಟನ್ನು ಹೇಳಿದರೆ, ಹುಬ್ಬಳ್ಳಿಯವರ ಋಣವೂ ಮುಂಬಯಿಯವರ ಋಣವೂ ಕಿಂಚಿತ್ತಾದರೂ ಸಂದೀತು.