ಫ್ರಾನ್ಸಿನ ಕಲ್ಲುಗಳಿಗೆ ಕಾವಲಾದ ಕಥೆಗಾರ

ಬೇಸಿಗೆಯಲ್ಲಿ ಫ್ರಾನ್ಸ್ ನೋಡಲು ತೆರಳುವವರ ಪಟ್ಟಿಯಲ್ಲಿ ಕಾರ್ಕಸೋನ್ ಕೋಟೆ ಇದ್ದೇ ಇರುತ್ತದೆ. ವೆಜ್‌ಲೇ ಬೆಟ್ಟದ ಮೇಲಿನ ಇಗರ್ಜಿಗೂ ಜನ ಹತ್ತುತ್ತಾರೆ. ಇವೆರಡೂ ಇಂದಿಗೆ ಉಳಿದು ಬಂದಿರುವುದರಲ್ಲಿ ಪ್ರಾಸ್ಪರ್ ಮೆರಿಮೆ ಎಂಬಾತನ ಪಾಲು ದೊಡ್ಡದು. ಲೋಕ ಮಾತ್ರ ಆತನನ್ನು ಬಲ್ಲದ್ದು 'ಕಾರ್ಮೆನ್' ಕಥೆಯ ಕರ್ತೃವಾಗಿ. ಅದೂ ಬಿಜೆಯ ಗೀತನಾಟಕದ ದೆಸೆಯಿಂದ.

ಮೆರಿಮೆ ಜನಿಸಿದ್ದು 1803ರ ಸೆಪ್ಟೆಂಬರ್ 28ರಂದು, ಪ್ಯಾರಿಸ್ಸಿನಲ್ಲಿ. ತಂದೆ ಚಿತ್ರಕಾರ. ಮಗ ಓದಿದ್ದು ಕಾನೂನು, ಒಲಿದದ್ದು ಸಾಹಿತ್ಯ. 1834ರಲ್ಲಿ, ಮೂವತ್ತರ ಹರೆಯದಲ್ಲಿ, ಐತಿಹಾಸಿಕ ಸ್ಮಾರಕಗಳ ಮಹಾ ತನಿಖಾಧಿಕಾರಿಯ ಹುದ್ದೆ ಒದಗಿತು. 1789ರ ಕ್ರಾಂತಿಯ ನಂತರ ಮುಟ್ಟುಗೋಲಾದ ಮಠ, ಇಗರ್ಜಿಗಳು ಹರಾಜಾಗಿ, ಕೆಲವು ಕಲ್ಲಿನ ಗಣಿಗಳಂತೆ ಬಳಕೆಯಾಗುತ್ತಿದ್ದ ಕಾಲವದು.

ಅದೇ ವರ್ಷದ ಜುಲೈ ಕೊನೆಯಲ್ಲಿ ಮೆರಿಮೆ ದಕ್ಷಿಣದತ್ತ ಹೊರಟ. ರೈಲಿನ್ನೂ ಬಂದಿರಲಿಲ್ಲ, ಕುದುರೆಗಾಡಿಯ ಪಯಣ. ವೆಜ್‌ಲೇಯಲ್ಲಿ ಗೋಡೆಗಳು ಬಾಗಿ, ತೇವದಿಂದ ಕೊಳೆತಿದ್ದವು. ಒಳಗೆ ಕುಳಿತು ಚಿತ್ರ ಬರೆದುಕೊಳ್ಳುತ್ತಿದ್ದಾಗಲೇ ಸುತ್ತ ಸಣ್ಣ ಕಲ್ಲುಗಳು ಉದುರುತ್ತಿದ್ದವಂತೆ. ಅವಿನ್ಯೋನ್‌ನಲ್ಲಿ ಪೋಪರ ಅರಮನೆ ಸೈನಿಕರ ಬಿಡಾರವಾಗಿತ್ತು. ಭಿತ್ತಿಚಿತ್ರಗಳ ತುಣುಕುಗಳು ಮಾರಾಟಕ್ಕೆ ಹೋಗಿದ್ದವು. ಚಳಿಗಾಲದಲ್ಲಿ ಮರಳಿದ ಮೆರಿಮೆ ಮರುವರ್ಷವೇ ಪ್ರವಾಸದ ಟಿಪ್ಪಣಿಗಳನ್ನು ಪುಸ್ತಕವಾಗಿಸಿದ. ಮುಂದೆ ಪಶ್ಚಿಮ ಪ್ರಾಂತ್ಯ, ಓವರ್ನ್ ಹೀಗೆ ಸುತ್ತಾಟ ಬೆಳೆಯಿತು. 1839ರ ಕಾರ್ಸಿಕಾ ಭೇಟಿ ವರದಿಯೊಂದಿಗೆ 'ಕೊಲೊಂಬಾ' ಎಂಬ ಕಥೆಯನ್ನೂ ಕೊಟ್ಟಿತು. ಸರ್ಕಾರಿ ಭತ್ಯೆಯ ಪ್ರವಾಸಗಳಿಂದ ಇಷ್ಟು ಫಲ ದೊರೆಯುವುದು ಅಪರೂಪವೇ ಸರಿ!

ಹಣ ಕಡಿಮೆ, ಕುಸಿಯುತ್ತಿದ್ದ ಕಟ್ಟಡಗಳು ಅನೇಕ. ಎಲ್ಲವನ್ನೂ ಉಳಿಸಲಾಗದೆಂದಾಗ ಯಾವುದನ್ನು ಕೈಬಿಡಬೇಕೆಂಬುದೇ ಕಠಿಣ ಪ್ರಶ್ನೆ. 1840ರಲ್ಲಿ ನೆರವು ಬೇಡುವ ಸುಮಾರು ಸಾವಿರ ಸ್ಮಾರಕಗಳ ಪಟ್ಟಿ ಸಿದ್ಧವಾಯಿತು. ಅದೇ ವರ್ಷ ವೆಜ್‌ಲೇಯ ದುರಸ್ತಿಯನ್ನು 26ರ ತರುಣ ವಿಯೊಲೆ-ಲೆ-ದ್ಯುಕ್‌ಗೆ ವಹಿಸಲಾಯಿತು. ಕಮಾನುಗಳು ನಿಂತವು. 1841ರಲ್ಲಿ ಬುಸಾಕ್ ಕೋಟೆಮನೆಯಲ್ಲಿ, ತೇವಕ್ಕೆ ಹಾಳಾಗುತ್ತಿದ್ದ, ಯುವತಿ ಮತ್ತು ಒಂಟಿಕೊಂಬಿನ ಯೂನಿಕಾರ್ನ್‌ನ ಆರು ನೇಯ್ದ ಗೋಡೆತೆರೆಗಳು ಮೆರಿಮೆಯ ಕಣ್ಣಿಗೆ ಬಿದ್ದವು. ಪ್ಯಾರಿಸ್ಸಿನ ಕ್ಲೂನಿ ಸಂಗ್ರಹಾಲಯ ಅವನ್ನು ಪಡೆದದ್ದು 1882ರಲ್ಲಿ.

ಕಾರ್ಕಸೋನ್ ಕೋಟೆಯನ್ನು ಸೇನೆ ಕೈಬಿಟ್ಟು, ಅದು ನೆಲಸಮವಾಗುವ ಭೀತಿ ಎದುರಾದಾಗ ಸ್ಥಳೀಯ ಇತಿಹಾಸಪ್ರಿಯರ ಜೊತೆ ಮೆರಿಮೆಯೂ ದನಿಯೆತ್ತಿದ. ಕೋಟೆ ಉಳಿಯಿತು. ಆದರೆ ಅದರ ಬುರುಜುಗಳಿಗೆ ವಿಯೊಲೆ-ಲೆ-ದ್ಯುಕ್ ತೊಡಿಸಿದ ಚೂಪು ಛಾವಣಿಗಳು ದಕ್ಷಿಣದ ಸೀಮೆಗೆ ಸಲ್ಲುವಂಥವಲ್ಲ ಎಂಬ ಆಕ್ಷೇಪ ಇಂದಿಗೂ ನಿಂತಿಲ್ಲ. ಆಕ್ಷೇಪದಲ್ಲಿ ಹುರುಳಿದೆ.

ಸಾಮ್ರಾಜ್ಞಿ ಯೂಜೆನಿಯನ್ನು ಬಾಲ್ಯದಿಂದ ಬಲ್ಲ ಮೆರಿಮೆ 1853ರಲ್ಲಿ ಸೆನೆಟರ್ ಆದ. ಕೊನೆಯ ವರ್ಷಗಳಲ್ಲಿ ಉಸಿರಾಟದ ಬೇನೆ ಕಾಡಿತು. 1870ರ ಸೆಪ್ಟೆಂಬರ್ 4ರಂದು ಸಾಮ್ರಾಜ್ಯ ಉರುಳಿತು. 23ರಂದು ಕಾನ್ ಪಟ್ಟಣದಲ್ಲಿ ಮೆರಿಮೆ ಕೊನೆಯುಸಿರೆಳೆದ. ಮರುವರ್ಷದ ಮೇ ತಿಂಗಳಲ್ಲಿ, ಕಮ್ಯೂನ್ ದಂಗೆಯ ಬೆಂಕಿಗೆ ಪ್ಯಾರಿಸ್ಸಿನ ಆತನ ಮನೆ ಆಹುತಿಯಾಯಿತು. ಗ್ರಂಥಭಂಡಾರ, ಕಾಗದಪತ್ರಗಳೆಲ್ಲ ಅದರೊಂದಿಗೆ ಸುಟ್ಟುಹೋದವು.